ಬೆಳಗಾವಿಯ ಒಗಟಿನ ಕೋಣೆ: ಮೂರು ರಾಗ, ಒಂದು ನಕ್ಷೆ, ತೆರೆಯದ ಬಾಗಿಲು

ಟಿಳಕವಾಡಿಯ ಓದುಗಿ

ದೀಪಾವಳಿ ರಜೆಯಲ್ಲಿ ಶಹಾಪುರದ ಹಳೆಯ ಮನೆಯೊಂದರಲ್ಲಿ ಕೆಲವು ಶಿಕ್ಷಕರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಒಂದು ಒಗಟಿನ ಕೋಣೆ ಕಟ್ಟಿದ್ದರು. ದೊಡ್ಡ ಊರುಗಳಲ್ಲಿ ಎಸ್ಕೇಪ್ ರೂಮ್ ಎಂದು ಕರೆಯುವ ಆಟವೇ ಇದು. ತಂಡವನ್ನು ಒಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಒಂದು ಗಂಟೆಯೊಳಗೆ ಅಲ್ಲಿನ ಗುಪ್ತ ಸಂದೇಶಗಳನ್ನು ಬಿಡಿಸಿ ಹೊರಗೆ ಬರಬೇಕು. ಈ ಕೋಣೆಯಲ್ಲಿ ಎಲ್ಲ ಸಂದೇಶಗಳೂ ಕನ್ನಡದಲ್ಲಿದ್ದವು. ನಾವು ಕೊನೆಯ ಬಾಗಿಲ ಮುಂದೆ ನಿಂತುಬಿಟ್ಟೆವು. ಆಟ ಈಗ ಮುಗಿದಿದೆ, ಕಟ್ಟಿದವರು ಚರ್ಚೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಆದ್ದರಿಂದ ಇಲ್ಲಿ ಇಡುತ್ತಿದ್ದೇನೆ.

ಮೊದಲ ಸಂದೇಶ, ಮೇಜಿನ ಮೇಲಿದ್ದ ಚೀಟಿ: 113 311 113 418 628.

ಗೋಡೆಯ ಮೇಲೆ ವರ್ಣಮಾಲೆಯ ಪಟ ಇತ್ತು. ಮೊದಲ ಅಂಕಿ ವರ್ಗ, ಎರಡನೆಯದು ಆ ವರ್ಗದಲ್ಲಿ ಎಷ್ಟನೆಯ ವ್ಯಂಜನ, ಮೂರನೆಯದು ಎಷ್ಟನೆಯ ಸ್ವರ. ಅವರ್ಗೀಯ ವ್ಯಂಜನಗಳು ಆರನೆಯ ಸಾಲು. 113 ಎಂದರೆ ಕವರ್ಗದ ಮೊದಲ ಅಕ್ಷರಕ್ಕೆ ಮೂರನೆಯ ಸ್ವರ ಸೇರಿ ಕಿ. ಹೀಗೆ ಹೋದರೆ ‘ಕಿಟಕಿ ತೆರೆ’. 113 ಎರಡು ಸಲ ಬಂದದ್ದರಿಂದ ನನ್ನ ಮಗಳು ಪಟ ನೋಡುವ ಮೊದಲೇ ‘ಒಂದು ಅಕ್ಷರ ಬಿಟ್ಟು ಅದೇ ಅಕ್ಷರ ಬರುವ ಪದ’ ಎಂದು ಹುಡುಕತೊಡಗಿದ್ದಳು.

ಎರಡನೆಯದು, ಕಿಟಕಿಯ ಹಿಂದಿದ್ದ ಇಳಕಲ್ ಸೀರೆಯ ಅಂಚಿನ ಪಟ್ಟಿ. ಅದರ ಮೇಲೆ ಹೊಲಿದಿದ್ದ ಅಕ್ಷರಗಳು: ಪ ಗೂ ದೀ ಡ ಡಿ ಪ ಸಾ ನ ವಿ ಲೆ ಲ್ಲಿ ದೆ.

ಪಟ್ಟಿಯನ್ನು ಅಡುಗೆ ಕಟ್ಟೆಯ ಮೇಲಿದ್ದ ಲಟ್ಟಣಿಗೆಗೆ ಸುತ್ತಿದಾಗ ಅಕ್ಷರಗಳು ಸಾಲಾಗಿ ಕೂತವು: ‘ಪಡಸಾಲೆ ಗೂಡಿನಲ್ಲಿ ದೀಪವಿದೆ’. ಲಟ್ಟಣಿಗೆ ಇಲ್ಲದೆಯೂ ಎರಡೆರಡು ಅಕ್ಷರ ಬಿಟ್ಟು ಮೂರನೆಯದನ್ನು ಓದುತ್ತ ಹೋದರೆ ಸಿಗುತ್ತದೆ.

ಮೂರನೆಯದು, ದೀಪದ ಪಕ್ಕದ ಮರದ ಪೆಟ್ಟಿಗೆ. ನಾಲ್ಕು ಅಂಕಿಯ ಬೀಗ. ಮೇಲೆ ಬರೆದದ್ದು: ರಸ, ಗುಣ, ಪೂರ್ಣ, ಮಹೀ. ಇದಕ್ಕೆ ಸುಳಿವು ಕೇಳಬೇಕಾಯಿತು. ಉತ್ತರ 1036.

ಪೆಟ್ಟಿಗೆಯೊಳಗೆ ತಂತಿ ಕಟ್ಟಿದ ಒಂದು ಕಡ್ಡಿ, ಜೊತೆಗೆ ಈ ಚೀಟಿ: ‘ಕಾಫಿ, ಖಮಾಜ್, ಬಿಲಾವಲ್. ಈ ಮೂರು ಮೇಳ ಎಲ್ಲಿವೆಯೋ ಅಲ್ಲಿ ಮುಟ್ಟು.’ ಬಾಗಿಲ ಮೇಲೆ ಕರ್ನಾಟಕದ ನಕ್ಷೆ. ಪ್ರತಿ ಜಿಲ್ಲೆಗೂ ಒಂದು ಹಿತ್ತಾಳೆಯ ಮೊಳೆ, ಒಟ್ಟು 31. ಮೂರು ಮೊಳೆಗಳನ್ನು ಸರಿಯಾದ ಕ್ರಮದಲ್ಲಿ ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಸಂಗೀತಗಾರರು ಹುಟ್ಟಿದ ಊರುಗಳೆಂದು ಧಾರವಾಡ, ಗದಗ ಎಲ್ಲ ಮುಟ್ಟಿದೆವು. ಗಂಟೆ ಮುಗಿಯಿತು.

ನೇರ ಉತ್ತರ ಬೇಡ. ಯಾವ ದಾರಿಯಲ್ಲಿ ಯೋಚಿಸಬೇಕಿತ್ತು ಎಂದು ಹೇಳಿ.

ಜಮಖಂಡಿ ಹಾರ್ಮೋನಿಯಂ

ಕಾಫಿ, ಖಮಾಜ್, ಬಿಲಾವಲ್ ಇವು ರಾಗಗಳೂ ಹೌದು, ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳನ್ನು ವಿಂಗಡಿಸುವ ಹತ್ತು ಥಾಟುಗಳಲ್ಲಿ, ಅಂದರೆ ಸ್ವರಗಳ ಚೌಕಟ್ಟುಗಳಲ್ಲಿ, ಮೂರರ ಹೆಸರುಗಳೂ ಹೌದು. ನಮ್ಮ ಭಾಗದಲ್ಲಿ ಭಜನೆಗೆ ಕೂತವರಿಗೆಲ್ಲ ಇವು ಕಿವಿಗೆ ಗೊತ್ತು. ಆದರೆ ಚೀಟಿಯಲ್ಲಿ ಥಾಟ್ ಎನ್ನದೆ ಮೇಳ ಎಂದಿದ್ದಾರೆ. ಅಲ್ಲೇ ಸುಳಿವು ಇದೆ. ಮೇಳ ಎಂದರೆ ಕರ್ನಾಟಕ ಸಂಗೀತದ 72 ಮೇಳಕರ್ತಗಳ, ಅಂದರೆ ಮೂಲ ರಾಗಗಳ, ಕಡೆಗೆ ಹೋಗಿ.

ಅದೇ ಸ್ವರಗಳಿರುವ ಮೇಳಗಳು ಇವು: ಕಾಫಿಗೆ ಖರಹರಪ್ರಿಯ, ಖಮಾಜಿಗೆ ಹರಿಕಾಂಭೋಜಿ, ಬಿಲಾವಲಿಗೆ ಧೀರಶಂಕರಾಭರಣ. ಹಾರ್ಮೋನಿಯಂ ಮುಂದಿದ್ದರೆ ಬೆರಳೇ ಹೇಳುತ್ತದೆ. ಕಾಫಿಯಲ್ಲಿ ಗಾಂಧಾರ, ನಿಷಾದ ಎರಡೂ ಕೋಮಲ, ಅಂದರೆ ತಗ್ಗಿದ ಸ್ವರಗಳು. ಗಾಂಧಾರವನ್ನು ಶುದ್ಧ ಮಾಡಿದರೆ ಖಮಾಜ್. ನಿಷಾದವನ್ನೂ ಶುದ್ಧ ಮಾಡಿದರೆ ಬಿಲಾವಲ್. ಒಂದೊಂದೇ ಮನೆ ಬದಲಿಸಿ ಮೂರು ಥಾಟು ದಾಟುವ ಈ ಕ್ರಮವನ್ನು ಬೇಕೆಂದೇ ಇಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಕೋಣೆಯಲ್ಲಿ ಹಾರ್ಮೋನಿಯಂ ಪೇಟಿ ಇತ್ತೇ?

ಟಿಳಕವಾಡಿಯ ಓದುಗಿ

ಇತ್ತು! ಮುಚ್ಚಳದ ಒಳಬದಿಯಲ್ಲಿ ಮೂರು ಥಾಟುಗಳ ಸ್ವರಗಳನ್ನೂ ಅಂಟಿಸಿದ್ದರು. ಅದರ ಮೇಲ್ಭಾಗದ ಗೋಡೆಯಲ್ಲಿ ಒಂದು ಹಳೆಯ ಸಂಗೀತದ ಪಟವೂ ಇತ್ತು. ಸಾಲು ಸಾಲು ಹೆಸರುಗಳು, ಎದುರಿಗೆ ಸ್ವರಗಳು, ಎಡಗಡೆಯ ಅಂಚು ಪೂರ್ತಿ ಹರಿದಿತ್ತು. ಅದರ ಕೆಳಗೆ ಕ ಖ ಗ ಘ ಅಕ್ಷರಗಳಿಗೆ ಒಂದೊಂದು ಅಂಕಿ ಕೊಟ್ಟ ಚಿಕ್ಕ ಕೋಷ್ಟಕ. ನಾವು ಅದನ್ನು ಮೊದಲ ಚೀಟಿಗೆ ಸಂಬಂಧಿಸಿದ್ದೆಂದು ಬಿಟ್ಟೆವು.

ಗುಮ್ಮಟದ ನೆರಳು

ಆ ಕೋಷ್ಟಕವೇ ಕೀಲಿ. ಅದರ ಹೆಸರು ಕಟಪಯಾದಿ. ವಿಜಯಪುರದಲ್ಲಿ ಗಣಿತ ಕಲಿಸುವವಳು ನಾನು. ಮಕ್ಕಳಿಗೆ ಇದನ್ನು ತೋರಿಸಿದಾಗ ಅವರು ಮೊದಲು ಮಾಡುವುದು ತಮ್ಮ ಹೆಸರುಗಳನ್ನು ಅಂಕಿಗೆ ತಿರುಗಿಸುವುದು.

ನಿಯಮ ಸರಳ. ಕ ದಿಂದ ಝ ವರೆಗೆ 1 ರಿಂದ 9, ಞ ಗೆ ಸೊನ್ನೆ. ಟ ದಿಂದ ಧ ವರೆಗೆ ಮತ್ತೆ 1 ರಿಂದ 9, ನ ಕ್ಕೆ ಸೊನ್ನೆ. ಪ ಫ ಬ ಭ ಮ ಗಳಿಗೆ 1 ರಿಂದ 5. ಯ ರ ಲ ವ ಶ ಷ ಸ ಹ ಗಳಿಗೆ 1 ರಿಂದ 8. ಕ, ಟ, ಪ, ಯ ಈ ನಾಲ್ಕೂ 1 ಆಗಿರುವುದರಿಂದಲೇ ಆ ಹೆಸರು. ಸ್ವರಚಿಹ್ನೆಗೆ ಬೆಲೆ ಇಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೇಳಕರ್ತಗಳ ಹೆಸರುಗಳನ್ನು ಕಟ್ಟಿರುವುದೇ ಹೀಗೆ: ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿ ಆ ಮೇಳದ ಕ್ರಮಸಂಖ್ಯೆ ಅಡಗಿದೆ.

ಹರಿಕಾಂಭೋಜಿ: ಹ 8, ರಿ 2. ತಿರುಗಿಸಿದರೆ 28. ಧೀರಶಂಕರಾಭರಣ: ಧೀ 9, ರ 2. ತಿರುಗಿಸಿದರೆ 29. ಖರಹರಪ್ರಿಯವನ್ನು ನೀವೇ ಮಾಡಿ. ಅದು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ದಿಕ್ಕು ತಪ್ಪಿದವರನ್ನು ಎಚ್ಚರಿಸುವ ವ್ಯವಸ್ಥೆಯೂ ಇದರಲ್ಲಿದೆ. 82, 92 ಎಂದು ಓದಿದರೆ ಅಷ್ಟು ಮೇಳಗಳೇ ಇಲ್ಲ.

ಒತ್ತಕ್ಷರ ಬಂದಾಗ ಮಾತ್ರ ಜಾಗ್ರತೆ ಬೇಕು. ಶಾಸ್ತ್ರದ ಪ್ರಕಾರ ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ರತ್ನಾಂಗಿಯಲ್ಲಿ ಹಾಗೆಯೇ ಆಗುತ್ತದೆ: ರ 2, ತ್ನಾ ದಲ್ಲಿ ನ 0, ಆದ್ದರಿಂದ ಎರಡನೆಯ ಮೇಳ. ಆದರೆ ಚಕ್ರವಾಕ 16ನೆಯದು. ಅಲ್ಲಿ ಕ್ರ ದ ರ ವನ್ನು ಬಿಟ್ಟು ಕ ವನ್ನೇ ಹಿಡಿಯಬೇಕು. ಸಿಂಹೇಂದ್ರಮಧ್ಯಮ 57 ಆಗುವುದು ಸಿಂ ನ ಅನುಸ್ವಾರವನ್ನು ಮ ಎಂದು ಎಣಿಸಿದಾಗ. ಇನ್ನು 20ನೆಯ ಮೇಳದ ಹೆಸರನ್ನು ನಠಭೈರವಿ ಎಂದು ಮಹಾಪ್ರಾಣ ಹಾಕಿ ಬರೆಯಲೇಬೇಕು. ನಟ ಎಂದು ಬರೆದರೆ 10 ಬರುತ್ತದೆ, ಅದು ನಾಟಕಪ್ರಿಯದ ಸ್ಥಾನ. ಒಂದು ಮಹಾಪ್ರಾಣಕ್ಕೆ ಹತ್ತು ಮೇಳಗಳ ಅಂತರ. ಒಗಟು ಕಟ್ಟುವವರು ಈ ಹೆಸರುಗಳನ್ನು ದೂರವಿಟ್ಟು ಒತ್ತಕ್ಷರವಿಲ್ಲದ ಆರಂಭಗಳನ್ನೇ ಆರಿಸಿದ್ದಾರೆ. ಇದು ಆಡುವವರ ಮೇಲಿನ ಗೌರವ.

ಈಗ ಉಳಿದದ್ದು ಮೂರು ಸಂಖ್ಯೆಗಳು: 22, 28, 29. ನಕ್ಷೆಯಲ್ಲಿ ಇವು ಎಲ್ಲಿವೆ?

ನಿಪ್ಪಾಣಿ ರಸ್ತೆ

ಎರಡು ನಿಮಿಷ ಸಂಗೀತ, ಗಣಿತ ಓದುತ್ತಿದ್ದವನು ಈ ಮೂರು ಸಂಖ್ಯೆ ನೋಡಿ ಎದ್ದು ಕುಳಿತೆ. ವಾಹನದ ದಾಖಲೆಗಳ ಕೆಲಸ ನನ್ನದು. ಕೆಎ 22 ಬೆಳಗಾವಿ. ಕೆಎ 28 ವಿಜಯಪುರ. ಕೆಎ 29 ಬಾಗಲಕೋಟೆ. ದಿನವೂ ಕೈಯಲ್ಲಿ ಹಾದುಹೋಗುವ ಸಂಖ್ಯೆಗಳು ರಾಗಗಳ ಹೆಸರಿನಲ್ಲಿ ಕೂತಿವೆ ಎಂದು ಯಾರಿಗೆ ಗೊತ್ತಿತ್ತು!

ಟಿಳಕವಾಡಿಯ ಓದುಗಿ

ಅಟ್ಟದ ಮೇಲೆ ಆಟಿಕೆಯ ಲಾರಿ ಇತ್ತು! ಅದರ ಫಲಕದ ಮೇಲೆ ‘ಕೆಎ ೨೨’ ಎಂದು ಕನ್ನಡ ಅಂಕಿಯಲ್ಲಿ ಬರೆದಿತ್ತು. ಲಾರಿಯ ಕೆಳಗೆ ಬೇರೆ ಚೀಟಿ ಇದೆಯೇನೋ ಎಂದು ಮಗುಚಿ ನೋಡಿದೆವೇ ಹೊರತು ಫಲಕವನ್ನು ಯಾರೂ ಓದಲಿಲ್ಲ.

ಬೆಳಗಾವಿ ಖರಹರಪ್ರಿಯ, ವಿಜಯಪುರ ಹರಿಕಾಂಭೋಜಿ, ಬಾಗಲಕೋಟೆ ಶಂಕರಾಭರಣ. ನಮ್ಮ ಮೂರು ಜಿಲ್ಲೆಗಳೂ ಒಂದೇ ಚೀಟಿಯಲ್ಲಿದ್ದವು. ನಾವು ಮಾತ್ರ ಧಾರವಾಡವನ್ನು ಮುಟ್ಟುತ್ತಿದ್ದೆವು.

ನೇರ ಮಾತು

ಕಟ್ಟಿದವರ ಶ್ರಮವನ್ನು ಮೆಚ್ಚುತ್ತೇನೆ, ಆದರೆ ಒಂದು ಆಕ್ಷೇಪ ಹೇಳಲೇಬೇಕು. ಆಟವೆಂದ ಮೇಲೆ ಕೋಣೆಗೆ ಹೋಗುವ ಎಲ್ಲರಿಗೂ ಸಮಾನ ಅವಕಾಶ ಇರಬೇಕು. ಇಲ್ಲಿ ಥಾಟು ಗೊತ್ತಿರಬೇಕು, ಮೇಳ ಗೊತ್ತಿರಬೇಕು, ಹಳೆಯ ಸಂಖ್ಯಾಪದ್ಧತಿ ಗೊತ್ತಿರಬೇಕು. ಇಂದಿನ ಅರ್ಧ ಮಕ್ಕಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಬಾಯಿಗೆ ಬರುತ್ತದೆ, ನಮ್ಮ ವರ್ಣಮಾಲೆಯ ಕ್ರಮ ಬರುವುದಿಲ್ಲ. ಇಂಗ್ಲಿಷಿನ 26 ಅಕ್ಷರಗಳನ್ನು ಮೂರು ಮನೆ ಮುಂದಕ್ಕೆ ಸರಿಸುವ ಒಗಟು ಇಟ್ಟಿದ್ದರೆ ಯಾರು ಬೇಕಾದರೂ ಬಿಡಿಸುತ್ತಿದ್ದರು. ಅದೂ ಅಲ್ಲದೆ ಬೆಳಗಾವಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳೂ ಬಂದಿರುತ್ತಾರೆ.

ಕೀಲಿಕೈ ಕೂಟ

ಕೋಣೆ ಕಟ್ಟಿದವರಲ್ಲಿ ನಾನೊಬ್ಬ. ಉತ್ತರ ಬರುವವರೆಗೆ ಸುಮ್ಮನಿದ್ದೆ. ಈ ಆಕ್ಷೇಪಕ್ಕೆ ಪೂರ್ತಿಯಾಗಿ ಉತ್ತರಿಸುತ್ತೇನೆ, ಏಕೆಂದರೆ ನಾವು ಅತಿ ಹೆಚ್ಚು ಹೊತ್ತು ಚರ್ಚಿಸಿದ್ದು ಇದನ್ನೇ.

ನಮ್ಮ ಒಂದೇ ನಿಯಮ: ಕೀಲಿ ಕೋಣೆಯೊಳಗೆ ಇರಬೇಕು. ಹೊರಗಿನ ತಿಳಿವಳಿಕೆ ಇದ್ದವನು ಬೇಗ ಹೋಗಲಿ, ಇಲ್ಲದವನು ನಿಧಾನವಾಗಿಯಾದರೂ ಹೋಗಲೇಬೇಕು. ಕೊನೆಯ ಬೀಗಕ್ಕೆ ಸಂಗೀತ ತಿಳಿಯಬೇಕಾಗಿಲ್ಲ. ಪೇಟಿಯ ಮುಚ್ಚಳದಲ್ಲಿ ಥಾಟಿನ ಸ್ವರಗಳಿವೆ, ಪಟದಲ್ಲಿ ಮೇಳಗಳ ಸ್ವರಗಳಿವೆ. ಎರಡನ್ನೂ ಒಂದೇ ಬಗೆಯ ಚಿಹ್ನೆಗಳಲ್ಲಿ ಬರೆದಿದ್ದೆವು. ಸಾಲಿಗೆ ಸಾಲು ಹೊಂದಿಸಿ ನೋಡಿದರೆ ಮೇಳದ ಹೆಸರು ಸಿಗುತ್ತದೆ. ಕಟಪಯಾದಿಯೂ ಬೇಡವೆಂದರೆ ಇನ್ನೊಂದು ದಾರಿ ಇತ್ತು. ಪಟದ ಕ್ರಮಸಂಖ್ಯೆಯ ಅಂಚನ್ನು ಹರಿದಿದ್ದೆವು, ಸಾಲುಗಳ ಕ್ರಮವನ್ನು ಕದಲಿಸಿರಲಿಲ್ಲ. ಮೇಲಿನಿಂದ ಎಣಿಸಿದರೆ 22ನೆಯ ಸಾಲಿನಲ್ಲಿ ಖರಹರಪ್ರಿಯ ಸಿಗುತ್ತದೆ. ಕಿತ್ತೂರಿನ ಕಡೆಯಿಂದ ಬಂದಿದ್ದ ಒಂದು ಮಕ್ಕಳ ತಂಡ ಬೆರಳಿಟ್ಟು ಎಣಿಸಿಯೇ ಹೊರಗೆ ಬಂದಿತು. ಅವರ ಸಂತೋಷ ಯಾವ ಪಂಡಿತರಿಗೂ ಕಡಿಮೆ ಇರಲಿಲ್ಲ.

ಇನ್ನು ಇಂಗ್ಲಿಷ್ ಅಕ್ಷರಗಳ ಮಾತು. ಈ ಆಟ ಇಂಗ್ಲಿಷಿನ ಸೊತ್ತಲ್ಲ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಆರಂಭವಾದದ್ದು. ಅವರು ತಮ್ಮ ನುಡಿಯಲ್ಲಿ ಕಟ್ಟಿದರು, ನಾವು ನಮ್ಮದರಲ್ಲಿ ಕಟ್ಟಿದೆವು. ನಮ್ಮ ವರ್ಣಮಾಲೆ ಗುಪ್ತಲಿಪಿಗೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎನ್ನುವುದನ್ನು ಮೊದಲ ಚೀಟಿಯಲ್ಲೇ ತೋರಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅಕ್ಷರಗಳನ್ನು ಐದು ಸಾಲು, ಐದು ಕಂಬದ ಚೌಕದಲ್ಲಿ ಇಟ್ಟು ದೀವಟಿಗೆಗಳಿಂದ ಸಂದೇಶ ಕಳಿಸುವ ಕ್ರಮವನ್ನು ವಿವರಿಸಿದ್ದಾನೆ. ಗ್ರೀಕಿನಲ್ಲಿ 24 ಅಕ್ಷರ, ಒಂದು ಮನೆ ಖಾಲಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ 26, ಆದ್ದರಿಂದ ಎರಡು ಅಕ್ಷರಗಳನ್ನು ಒಂದೇ ಮನೆಗೆ ತುರುಕಬೇಕು. ನಮ್ಮ ವರ್ಗೀಯ ವ್ಯಂಜನಗಳು ಸರಿಯಾಗಿ 25. ಚೌಕ ಯಾರೂ ಕಟ್ಟಬೇಕಾಗಿಲ್ಲ, ಶಾಲೆಯ ಗೋಡೆಯ ಮೇಲೆ ಅದು ಮೊದಲಿನಿಂದಲೂ ಇದೆ. ಕ್ರಮ ಮರೆತ ಮಗು ಬಾಯಿಂದಲೇ ಅದನ್ನು ಕಟ್ಟಿಕೊಳ್ಳಬಹುದು: ಗಂಟಲಿನಲ್ಲಿ ಕವರ್ಗ, ಮುಂದೆ ತಾಲು, ಮೂರ್ಧ, ಹಲ್ಲು, ಕೊನೆಗೆ ತುಟಿಯಲ್ಲಿ ಪವರ್ಗ. ಒಳಗಿನಿಂದ ಹೊರಕ್ಕೆ ಐದು ಸಾಲು. ವ್ಯಂಜನಗಳ ಈ ಕ್ರಮ ಮರಾಠಿಯಲ್ಲೂ ಇದೇ. ಹಾಗಾಗಿ ಆ ಮಕ್ಕಳಿಗೆ ಇಂಗ್ಲಿಷಿಗಿಂತ ಇದೇ ಹತ್ತಿರ.

ನೇರ ಮಾತು

ಎಣಿಸುವ ದಾರಿ ಇತ್ತೆಂದರೆ ಕೊನೆಯ ಬೀಗದ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ಮೂರನೆಯ ಪೆಟ್ಟಿಗೆ? ‘ಪೂರ್ಣ’ ಎಂದರೆ ಸೊನ್ನೆ ಎಂದು ಯಾವ ಮಗು ಊಹಿಸುತ್ತದೆ? ಅದರ ಕೀಲಿ ಕೋಣೆಯಲ್ಲಿ ಎಲ್ಲಿತ್ತು?

ಕೀಲಿಕೈ ಕೂಟ

ರಸಕ್ಕೆ ಕಪಾಟಿನಲ್ಲಿ ಆರು ಬಟ್ಟಲುಗಳಿದ್ದವು: ಬೆಲ್ಲ, ಹುಣಸೆ, ಉಪ್ಪು, ಮೆಣಸು, ಬೇವು, ಅಡಿಕೆ. ಗುಣಕ್ಕೆ ಮೂರು ಗೊಂಬೆಗಳ ಕೊರಳಲ್ಲಿ ಸತ್ವ, ರಜ, ತಮ ಎಂಬ ಚೀಟಿಗಳು. ಮಹೀ ಎಂದರೆ ಭೂಮಿ, ಅದು ಒಂದೇ. ಬಲದಿಂದ ಎಡಕ್ಕೆ ಓದಬೇಕೆಂಬುದಕ್ಕೆ ಗೋಡೆಯ ಸುತ್ತ ಎಡಕ್ಕೆ ನಡೆಯುವ ಆನೆಗಳ ಸಾಲು ಬಿಡಿಸಿದ್ದೆವು. ಅದೇ ಸಾಲು ಕಟಪಯಾದಿಗೂ ದಿಕ್ಕು ತೋರಿಸುತ್ತದೆ. ಪೂರ್ಣಕ್ಕೆ ಮಾತ್ರ ಏನೂ ಇಡಲಿಲ್ಲ. ಉಳಿದ ಮೂರು ಗೊತ್ತಾದರೆ ನಾಲ್ಕನೆಯದಕ್ಕೆ ಹತ್ತು ಸಾಧ್ಯತೆ ಮಾತ್ರ ಉಳಿಯುತ್ತದೆ, ಬೀಗ ತಿರುಗಿಸಿಯೇ ತಿಳಿಯಲಿ ಎಂದು ಬಿಟ್ಟೆವು.

ಗುಮ್ಮಟದ ನೆರಳು

ಇಲ್ಲಿ ನಾನು ‘ನೇರ ಮಾತು’ ಅವರ ಪರ. ಬೀಗ ತಿರುಗಿಸಿ ಪಡೆದ ಅಂಕಿಯನ್ನು ಬಿಡಿಸಿದ್ದು ಎನ್ನಲಾಗದು. ಆದರೂ ಆ ನಾಲ್ಕು ಪದಗಳು ಎಲ್ಲಿಂದ ಬಂದವೆಂದು ತಿಳಿದಾಗ ಯಾಕೆ ಅವನ್ನೇ ಇಟ್ಟರೆಂಬುದು ಅರ್ಥವಾಗುತ್ತದೆ. ‘ರಸಗುಣಪೂರ್ಣಮಹೀ’ ಎಂಬುದು ಗಣಿತಜ್ಞ ಭಾಸ್ಕರಾಚಾರ್ಯ ತನ್ನ ಹುಟ್ಟಿದ ವರ್ಷವನ್ನು ತಾನೇ ಹೇಳಿಕೊಂಡ ರೀತಿ. 6, 3, 0, 1 ಅನ್ನು ತಿರುಗಿಸಿದರೆ ಶಕ 1036, ಅಂದರೆ ಕ್ರಿ.ಶ. 1114. ಮುಂದಿನ ಸಾಲಿನಲ್ಲಿ ‘ರಸಗುಣ’ ವರ್ಷಕ್ಕೆ ಸಿದ್ಧಾಂತಶಿರೋಮಣಿಯನ್ನು ರಚಿಸಿದೆ ಎನ್ನುತ್ತಾನೆ. ಅದು 36. ಮೊದಲ ಸಾಲಿನ ಎರಡು ಪದಗಳನ್ನೇ ಎತ್ತಿ ವಯಸ್ಸಿಗೆ ಬಳಸಿದ್ದಾನೆ. ಪದಗಳಲ್ಲಿ ಸಂಖ್ಯೆ ಹೇಳುವ ಈ ಪದ್ಧತಿಗೆ ಭೂತಸಂಖ್ಯೆ ಎನ್ನುತ್ತಾರೆ. ಆತ ತನ್ನ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾನೆ. ಅದು ವಿಜಯಪುರವೇ ಎನ್ನುವವರೂ ಇದ್ದಾರೆ, ಅಲ್ಲವೆನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ಊರಿನವರಿಗೆ ಮೊದಲ ಪಕ್ಷದ ಮೇಲೆ ಪ್ರೀತಿ ಹೆಚ್ಚು.

ಇದಕ್ಕೆ ಪರಿಹಾರ ನಿಮ್ಮ ಕೋಣೆಯಲ್ಲೇ ಇದೆ. 72 ಮೇಳಗಳನ್ನು ಆರಾರರಂತೆ ಹನ್ನೆರಡು ಚಕ್ರಗಳಾಗಿ ವಿಂಗಡಿಸಿದ್ದಾರಲ್ಲ, ಆ ಚಕ್ರಗಳ ಹೆಸರುಗಳೇ ಭೂತಸಂಖ್ಯೆಗಳು: ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಚಂದ್ರ ಒಂದು, ಕಣ್ಣು ಎರಡು, ಹೀಗೆ ಹನ್ನೆರಡು ಆದಿತ್ಯರವರೆಗೆ. ಪಟದಲ್ಲಿ ಚಕ್ರದ ಹೆಸರುಗಳನ್ನು ಕ್ರಮವಾಗಿ ಬರೆಯಿರಿ. ಪೆಟ್ಟಿಗೆಯ ಮೇಲೆ ‘ಋತು, ಅಗ್ನಿ, ಶೂನ್ಯ, ಇಂದು’ ಎಂದು ಬರೆಯಿರಿ. ಉತ್ತರ ಅದೇ 1036. ಪೂರ್ಣದ ತೊಡಕು ಹೋಗುತ್ತದೆ. ಇನ್ನೊಂದು ಲಾಭವೂ ಇದೆ: ಮೂರನೆಯ ಬೀಗಕ್ಕಾಗಿ ಪಟದ ಮುಂದೆ ನಿಂತ ತಂಡ ನಾಲ್ಕನೆಯದಕ್ಕೆ ಅದನ್ನು ಮರೆಯುವುದಿಲ್ಲ.

ಜಮಖಂಡಿ ಹಾರ್ಮೋನಿಯಂ

ಒಪ್ಪುವಂಥ ಸಲಹೆ. ವೇದ ಚಕ್ರದಲ್ಲಿ ಖರಹರಪ್ರಿಯ ನಾಲ್ಕನೆಯದು, ಬಾಣ ಚಕ್ರದಲ್ಲಿ ಹರಿಕಾಂಭೋಜಿ ನಾಲ್ಕನೆಯದು, ಶಂಕರಾಭರಣ ಐದನೆಯದು. ಚಕ್ರ ಹಿಡಿದು ಎಣಿಸಿದರೆ ಮಕ್ಕಳಿಗೆ ಇನ್ನೂ ಬೇಗ ಸಿಗುತ್ತದೆ.

ಮೇಗುತಿ ಮೆಟ್ಟಿಲು

ಸಂಖ್ಯೆಯನ್ನು ಪದಗಳಲ್ಲಿ ಹೇಳುವ ಮಾತು ಬಂದದ್ದರಿಂದ ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಉದಾಹರಣೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಲವನ್ನು ಎರಡು ಬಗೆಯಲ್ಲಿ ಹೇಳಿದೆ. ಭಾರತ ಯುದ್ಧದಿಂದ ಎಷ್ಟು ವರ್ಷ ಎನ್ನುವುದನ್ನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಬಿಡಿಬಿಡಿಯಾಗಿ ಹೇಳುತ್ತದೆ. ಕೂಡಿಸಿದರೆ 3735. ಶಕವರ್ಷ ಐವತ್ತು, ಆರು, ಐದು ನೂರು. ಕೂಡಿಸಿದರೆ 556, ಅಂದರೆ ಕ್ರಿ.ಶ. 634.

ಇದು ಗುಪ್ತಲಿಪಿಯಲ್ಲ, ಛಂದಸ್ಸಿಗಾಗಿ ಹಾಗೆ ಹರಡಿದ ಅಂಕಿಗಳು. ಆದರೂ ಮೂರಂಕಿಯ ಬೀಗಕ್ಕೆ ಎಷ್ಟು ಒಳ್ಳೆಯ ಒಗಟು! ಮಕ್ಕಳು ಮೊದಲು 50, 6, 500 ಎಂದು ಸಾಲಾಗಿ ಜೋಡಿಸಲು ನೋಡುತ್ತಾರೆ, ಅಷ್ಟು ಮನೆಗಳು ಬೀಗದಲ್ಲಿ ಇರುವುದಿಲ್ಲ. ಆಗ ಕೂಡಿಸಬೇಕೆಂದು ತಾವೇ ಕಂಡುಕೊಳ್ಳುತ್ತಾರೆ. ದಯವಿಟ್ಟು ಮುಂದಿನ ಕೋಣೆಗೆ ಇದನ್ನು ತೆಗೆದುಕೊಳ್ಳಿ. ಎರಡು ಸಂಖ್ಯೆಗಳ ವ್ಯತ್ಯಾಸ 3179. ಅದನ್ನೇ ನಾಲ್ಕಂಕಿಯ ಇನ್ನೊಂದು ಬೀಗಕ್ಕೂ ಇಡಬಹುದು.

ಉದ್ಯಮಬಾಗ

ಕೀಲಿಯೇ ಇಲ್ಲದ ಸಂದೇಶವನ್ನು ಬಿಡಿಸುವ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಷರಕ್ಕೆ ಒಂದು ಚಿಹ್ನೆ ಕೊಟ್ಟು ಬರೆದ ಉದ್ದನೆಯ ಸಂದೇಶ ಸಿಕ್ಕರೆ ಏನು ಮಾಡಬೇಕು? ಒಂಬತ್ತನೆಯ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್‌ ಕಿಂದಿ ದಾರಿ ತೋರಿಸಿದ್ದಾನೆ: ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಆ ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರಗಳ ಜೊತೆ ಹೋಲಿಸು.

ಕನ್ನಡದಲ್ಲಿ ಇದಕ್ಕಿಂತ ಚುರುಕಾದ ಹಿಡಿ ಒಂದಿದೆ. ಪದಗಳ ಕೊನೆ ನೋಡಿ. ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಬಾಲದಲ್ಲಿ ಮತ್ತೆ ಮತ್ತೆ ಬರುತ್ತವೆ. ಬೇರೆ ಬೇರೆ ಪದಗಳ ಕೊನೆಯಲ್ಲಿ ಒಂದೇ ಚಿಹ್ನೆ ಕಂಡರೆ ಅದು ‘ಲ್ಲಿ’ ಅಥವಾ ‘ನ್ನು’ ಆಗಿರುವ ಸಂಭವ ಹೆಚ್ಚು. ಅದು ಸಿಕ್ಕಿದರೆ ಅದರ ಹಿಂದಿನ ಅಕ್ಷರ ದ, ನ, ಯ, ವ ಗಳಲ್ಲಿ ಒಂದು ಎಂದು ಊಹಿಸಬಹುದು: ಮರದಲ್ಲಿ, ಮನೆಯಲ್ಲಿ, ಊರಿನಲ್ಲಿ, ಗುರುವನ್ನು. ವ್ಯಾಕರಣವೇ ಕನ್ನ ಕೊರೆಯುವ ಸಾಧನ. ಹಾಗಾಗಿ ಒಗಟು ಗಟ್ಟಿಯಾಗಿರಬೇಕೆಂದರೆ ಪದಗಳ ನಡುವಿನ ಜಾಗವನ್ನು ತೆಗೆದುಹಾಕಿ. ಸುಲಭವಾಗಬೇಕೆಂದರೆ ಜಾಗ ಬಿಡಿ. ಒಂದೇ ಸಂದೇಶದಿಂದ ಎರಡು ವಯಸ್ಸಿನವರಿಗೆ ಎರಡು ಮಟ್ಟದ ಆಟ ಸಿದ್ಧವಾಗುತ್ತದೆ.

ಬೆಳಗಾವಿಗೆಂದೇ ಇನ್ನೊಂದು. ಗಣಕಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಸಂಖ್ಯೆ ಇದೆ. ದೇವನಾಗರಿಯ ‘ಕ’ ಕಾರಕ್ಕೆ 2325, ಕನ್ನಡದ ಕ ಗೆ 3221. ವ್ಯತ್ಯಾಸ 896. ಎರಡೂ ಲಿಪಿಗಳನ್ನು ಒಂದೇ ವಿನ್ಯಾಸದಲ್ಲಿ ಜೋಡಿಸಿರುವುದರಿಂದ ಗ, ಳ, ಸ ಯಾವುದನ್ನು ತೆಗೆದುಕೊಂಡರೂ ವ್ಯತ್ಯಾಸ ಅದೇ 896. ಎರಡು ಲಿಪಿಗಳ ಫಲಕಗಳನ್ನು ನೋಡುತ್ತ ಬೆಳೆಯುವ ಮಕ್ಕಳಿಗೆ ಈ ಸಂಖ್ಯೆಯೇ ಕೀಲಿಯಾದರೆ ಎಷ್ಟು ಚಂದ.

ಉಪ್ಪಲಿ ಬುರುಜು

ವಿಜಯಪುರದಲ್ಲೂ ಇಂಥ ಕೋಣೆ ಕಟ್ಟಿದರೆ ಶಬ್ದದ ಸಂಕೇತ ಇಡಬೇಕೆಂದು ನನ್ನ ಆಸೆ. ಗೋಡೆಗೆ ಬಡಿದು ಸಾಲು, ಕಂಬ ಎಣಿಸಿ ತಿಳಿಸುವ ಕ್ರಮ ಕೋಣೆಯಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ಗೋಳಗುಮ್ಮಟದಲ್ಲಿ ಮಾತ್ರ ಅದು ಸಾಧ್ಯವಿಲ್ಲ. ಮೇಲಿನ ಮೊಗಸಾಲೆಯಲ್ಲಿ ಒಂದು ತಟ್ಟು ಹಲವು ಸಲ ಮರುದನಿಗೊಡುತ್ತದೆ, ಮೂರು ತಟ್ಟಿದ್ದು ಎಷ್ಟೆಂದು ಎದುರಿನವರು ಎಣಿಸಲಾರರು. ಅಲ್ಲಿ ಪಿಸುಮಾತಿಗೇ ಬೆಲೆ.

ಆರು ಚುಕ್ಕೆ

ದೃಷ್ಟಿ ಇಲ್ಲದ ಮಕ್ಕಳಿಗೆ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳನ್ನು ಈ ಕೋಣೆಗೆ ಕರೆದುಕೊಂಡು ಹೋಗಬೇಕೆಂದು ಬಹಳ ಆಸೆಪಟ್ಟಿದ್ದೆ. ಬೇರೆ ಊರುಗಳ ಒಗಟಿನ ಕೋಣೆಗಳಲ್ಲಿ ಬ್ರೈಲ್ ಲಿಪಿಯನ್ನು ‘ರಹಸ್ಯ ಸಂಕೇತ’ವಾಗಿ ಇಡುವುದನ್ನು ಕೇಳಿದ್ದೇನೆ. ನಮ್ಮ ಮಕ್ಕಳಿಗೆ ಅದು ರಹಸ್ಯವಲ್ಲ, ದಿನದ ಓದು. ಅವರೊಡನೆ ಆಡುವ ತಂಡಕ್ಕೆ ಅದು ಎಂಥ ಬಲವಾಗಬಹುದೆಂದು ಯೋಚಿಸಿ. ಇಲ್ಲಿ ವಿವರಿಸಿದ ನಾಲ್ಕು ಒಗಟುಗಳಲ್ಲಿ ಮೂರನ್ನು ಬೆರಳಿಂದಲೇ ಆಡಬಹುದು: ಪಟ್ಟಿ, ಬಟ್ಟಲುಗಳು, ಹಾರ್ಮೋನಿಯಂ. ಬೇವು, ಹುಣಸೆಗಳನ್ನು ಮೂಗೇ ಹೇಳುತ್ತದೆ. ನಕ್ಷೆಯ ಗಡಿಗಳನ್ನು ದಾರದಿಂದ ಉಬ್ಬಿಸಿದರೆ ಮೊಳೆಗಳನ್ನೂ ಹುಡುಕುತ್ತಾರೆ.

ಕೀಲಿಕೈ ಕೂಟ

ಬೇಸಿಗೆ ರಜೆಗೆ ಕೋಣೆಯನ್ನು ಮತ್ತೆ ತೆರೆಯುತ್ತೇವೆ, ನಿಮ್ಮ ಮಕ್ಕಳೂ ಆಡುವ ಹಾಗೆಯೇ ಕಟ್ಟುತ್ತೇವೆ. ಪೆಟ್ಟಿಗೆಯ ಪದಗಳು ‘ಋತು, ಅಗ್ನಿ, ಶೂನ್ಯ, ಇಂದು’ ಆಗುತ್ತವೆ. ಭಾಸ್ಕರಾಚಾರ್ಯನ ಸಾಲನ್ನು ಬಿಡಲು ಮನಸ್ಸಿಲ್ಲ. ಅದನ್ನು ಮುಚ್ಚಳದ ಒಳಬದಿಯಲ್ಲಿ ಬರೆಯುತ್ತೇವೆ. ಬೀಗ ತೆರೆದವರು ತಾವು ತಿರುಗಿಸಿದ ಸಂಖ್ಯೆ ಯಾರದೆಂದು ಓದಲಿ. ಐಹೊಳೆಯ ಒಗಟಿಗೆ ಅಟ್ಟದ ಮೇಲೆ ಜಾಗ ಮಾಡುತ್ತೇವೆ. ಪಟ್ಟಿಯನ್ನು ಬ್ರೈಲಿನಲ್ಲಿ ಮಾಡುವುದು ಹೇಗೆಂದು ತಿಳಿಸುತ್ತೀರಾ? ಒಂದು ಅಕ್ಷರಕ್ಕೆ ಒಂದು ಮನೆ ಸಾಕೇ?

ಆರು ಚುಕ್ಕೆ

ಸಾಲದು, ಅದನ್ನೇ ಮೊದಲು ಹೇಳಬೇಕೆಂದಿದ್ದೆ. ಕನ್ನಡ ಬ್ರೈಲಿನಲ್ಲಿ ಗುಣಿತ, ಒತ್ತುಗಳು ಅಕ್ಷರದ ಮೇಲೆ ಕೆಳಗೆ ಕೂರುವುದಿಲ್ಲ, ಒಂದರ ಮುಂದೆ ಒಂದು ಬರುತ್ತವೆ. ನಿಮ್ಮ ಪಟ್ಟಿಯ ‘ಪ’ ಕ್ಕೆ ಒಂದು ಮನೆ, ‘ಗೂ’ ಗೆ ಗ ಮತ್ತು ಊ ಸೇರಿ ಎರಡು, ‘ಲ್ಲಿ’ ಗೆ ಒತ್ತಿನ ಚಿಹ್ನೆ, ಎರಡು ಲ, ಒಂದು ಇ ಸೇರಿ ನಾಲ್ಕು. ಬ್ರೈಲಿನ ಒಂದು ಮನೆ ಸುಮಾರು 6 ಮಿಲಿಮೀಟರ್ ಜಾಗ ಹಿಡಿಯುತ್ತದೆ. ನಾಲ್ಕು ಮನೆಗೆ ಎರಡೂವರೆ ಸೆಂಟಿಮೀಟರ್. ಆದ್ದರಿಂದ ಪಟ್ಟಿಯ ಅಗಲ ಮೂರು ಸೆಂಟಿಮೀಟರ್ ಇರಲಿ, ಚುಕ್ಕೆಗಳನ್ನು ಅಗಲದ ಉದ್ದಕ್ಕೆ ಕೂರಿಸಿ, ಆಗ ಸುತ್ತಿದ ಮೇಲೆ ಲಟ್ಟಣಿಗೆಯ ಉದ್ದಕ್ಕೆ ಓದಲು ಬರುತ್ತದೆ. ನಾಲ್ಕು ಸುತ್ತಿಗೆ ಹನ್ನೆರಡು ಸೆಂಟಿಮೀಟರ್ ಸಾಕು. ಬಟ್ಟೆಯ ಮೇಲೆ ಹೊಲಿದ ಗಂಟುಗಳು ಬೆರಳಿಗೆ ಕಲಸಿಹೋಗುತ್ತವೆ, ದಪ್ಪ ಬ್ರೈಲ್ ಕಾಗದದಲ್ಲಿ ಒತ್ತಿ ಪಟ್ಟಿಗೆ ಅಂಟಿಸೋಣ. ಪ್ರತಿ ಅಕ್ಷರದ ನಂತರ ಒಂದು ಉಬ್ಬು ಗೆರೆ ಬೇಕು, ಇಲ್ಲವಾದರೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಒತ್ತುವ ಕೆಲಸ ನಮ್ಮ ಮಕ್ಕಳದೇ ಇರಲಿ. ಸಂದೇಶವನ್ನು ಮಾತ್ರ ಬದಲಿಸಿ, ಇದನ್ನು ಅವರು ಈಗಾಗಲೇ ನನ್ನಿಂದ ಕೇಳಿ ಬಿಡಿಸಿದ್ದಾರೆ.